ತಿದ್ದುವ ಹಕ್ಕು

ಹೋದ ವಾರ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಿ, "ನಮ್ಮ ಮಡಿ ಸಾರ್ ಹೋಗ್ಬಿಟ್ರಂತೆ ಕಣ್ರೀ, ಗೊತ್ತಾಯ್ತಾ?" ಎಂದರು. ಗೊತ್ತಿರಲಿಲ್ಲ. ಕೈಚೀಲ ಕೆಳಗಿಟ್ಟು ಅಲ್ಲೇ ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಹತ್ತಿರ ನಿಂತುಬಿಟ್ಟೆ. ನನಗೆ ದುಃಖವಾಗಬೇಕಿತ್ತು, ಆದದ್ದು ಸಿಟ್ಟು. ಆ ಮನುಷ್ಯನ ಹತ್ತಿರ ನಾನು ಒಂದು ಜಗಳ ಮುಗಿಸುವುದಿತ್ತು. ಅದಕ್ಕೆ ಅವಕಾಶ ಕೊಡದೆ ಹೋಗಿಬಿಟ್ಟರು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಮನೆಯವರಿಗೆ ಬೇಜಾರಾದೀತು ಅನ್ನುವುದು ಒಂದು. ಅದಕ್ಕಿಂತ ಹೆಚ್ಚಾಗಿ, ಒಬ್ಬರ ಹೆಸರನ್ನು ಇನ್ನೊಬ್ಬರು ಬಳಸುವುದು ಅವರಿಗೆ ಜೀವಮಾನದಲ್ಲಿ ಆಗಿಬರದ ಸಂಗತಿಯಾಗಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನಿದ್ದದ್ದು ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ. ಅದರ ದೊಡ್ಡ ಕಟ್ಟಡ ಶಿವಮೊಗ್ಗದಲ್ಲಿ, ಶಾಖೆ ಭದ್ರಾವತಿಯಲ್ಲಿ. ನಾನು ಶಾಖೆಯ ದಾಖಲೆ ಕೋಣೆಯ ಗುಮಾಸ್ತ. ರೋಗಿಯ ಹೆಸರು, ವಯಸ್ಸು, ವಿಳಾಸ, ರಕ್ತದ ಗುಂಪು, ಹಿಂದಿನ ಕಾಯಿಲೆ ಎಲ್ಲವನ್ನೂ ದಪ್ಪ ರಿಜಿಸ್ಟರಿನಲ್ಲಿ ಬರೆದಿಡುವುದು ನನ್ನ ಕೆಲಸ. ತಪ್ಪಾದರೆ ಒಂದು ಗೀಟೆಳೆದು ಮೇಲೆ ಸರಿಯಾದದ್ದನ್ನು ಬರೆದರೆ ಆಯಿತು, ಯಾರೂ ಏನೂ ಕೇಳುತ್ತಿರಲಿಲ್ಲ. ನೆಮ್ಮದಿಯಾಗಿದ್ದೆವು. ಅಷ್ಟರಲ್ಲಿ ಕಂಪ್ಯೂಟರ್ ಬಂತು, ಅದರ ಬೆನ್ನಿಗೇ ಇವರೂ ಬಂದರು.

ಇವರು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು, ಕೂರುತ್ತಿದ್ದದ್ದು ಶಿವಮೊಗ್ಗದಲ್ಲಿ. ಸಣಕಲು ಆಳು, ಅರ್ಧ ತೋಳಿನ ಬಿಳಿ ಅಂಗಿ, ಎಣ್ಣೆ ಹಾಕಿ ಒಂದು ಕೂದಲೂ ಅಲುಗಾಡದಂತೆ ಬಾಚಿದ ತಲೆ. ತಂದೆ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು, ಮನೆಮಾತು ತಮಿಳು. ಪೂಜೆ ಪುನಸ್ಕಾರದ ಗೋಜಿಗೆ ಹೋದವರಲ್ಲ. ಆದರೂ ಮೊದಲ ತಿಂಗಳಲ್ಲೇ ಅವರಿಗೆ ಮಡಿ ಸಾರ್ ಎಂದು ಹೆಸರು ಬಿತ್ತು. ಅದಕ್ಕೆ ಅವರೇ ಕಾರಣ.

ಶಾಖೆಗೆ ಬಂದ ಮೊದಲ ದಿನ ನಮ್ಮನ್ನೆಲ್ಲ ಕೂರಿಸಿಕೊಂಡು ಮೂರು ಬೆರಳು ಎತ್ತಿದರು. "ನೋಡೋದು ಬೇರೆ, ಬರೆಯೋದು ಬೇರೆ, ತಿದ್ದೋದು ಬೇರೆ. ಮೂರೂ ಬೇರೆ ಬೇರೆ ಹಕ್ಕು. ಯಾರಿಗೆ ಎಷ್ಟು ಬೇಕೋ ಅಷ್ಟೇ ಕೊಡ್ತೀನಿ. ಒಬ್ಬೊಬ್ಬರಿಗೂ ಒಂದೊಂದು ಪಾಸ್‌ವರ್ಡ್. ನಿಮ್ಮದು ನಿಮ್ಮದೇ. ಇನ್ನೊಬ್ಬರ ಪಾಸ್‌ವರ್ಡ್ ಬಳಸೋದು ಇನ್ನೊಬ್ಬರ ಎಂಜಲು ತಟ್ಟೇಲಿ ಊಟ ಮಾಡಿದ ಹಾಗೆ." ಹಿಂದಿನ ಸಾಲಿನಿಂದ ಯಾರೋ "ಓಹೋ, ಮಡಿ" ಎಂದರು. ಎಲ್ಲರೂ ನಕ್ಕೆವು. ಅವರು ನಗಲಿಲ್ಲ, "ಹೌದು, ಹಾಗೇ ಅಂದ್ಕೊಳ್ಳಿ" ಎಂದರು.

ನನಗೆ ಸಿಕ್ಕಿದ್ದು ಮೊದಲ ಎರಡು. ನೋಡಬಹುದು, ಹೊಸದಾಗಿ ಬರೆಯಬಹುದು. ಬರೆದು ಒಂದು ಗುಂಡಿ ಒತ್ತಿದ ಮೇಲೆ ನನ್ನದೇ ಅಕ್ಷರವನ್ನು ನಾನು ಮುಟ್ಟುವಂತಿರಲಿಲ್ಲ. ಇಪ್ಪತ್ತು ವರ್ಷ ಆ ರಿಜಿಸ್ಟರುಗಳನ್ನು ಕಾಪಾಡಿಕೊಂಡು ಬಂದವನಿಗೆ ಇದು ಎಷ್ಟು ಅವಮಾನ ಅನ್ನುವುದು ಅವರಿಗೆ ಯಾವತ್ತಾದರೂ ಹೊಳೆದಿತ್ತೋ ಇಲ್ಲವೋ ಗೊತ್ತಿಲ್ಲ.

ಒಂದು ಸಲ ಮೂರು ವರ್ಷದ ಮಗುವಿನ ವಯಸ್ಸು ನನ್ನ ಕೈತಪ್ಪಿ ಮೂವತ್ತಾಯಿತು. ಶಿವಮೊಗ್ಗಕ್ಕೆ ಫೋನ್ ಮಾಡಿದೆ.

"ಸಾರ್, ಒಂದು ಸೊನ್ನೆ ತೆಗೀಬೇಕು, ಅಷ್ಟೇ."

"ಬರೆದು ಕೊಡಿ."

"ಒಂದು ಸೊನ್ನೆಗೆ ಅರ್ಜಿನಾ ಸಾರ್?"

"ಫೋನಲ್ಲಿ ಮಾತಾಡ್ತಿರೋದು ನೀವೇ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ನನ್ನ ಧ್ವನಿ ಗೊತ್ತಿಲ್ವಾ ನಿಮಗೆ?"

"ಧ್ವನಿಗೆ ಸಹಿ ಇರಲ್ಲ ಕಣ್ರೀ."

ಅರ್ಜಿ ಬರೆದು, ಡಾಕ್ಟರ ಸಹಿ ಹಾಕಿಸಿ, ಟಪಾಲು ಚೀಲದಲ್ಲಿ ಕಳಿಸಿ, ಅವರು ಒಪ್ಪಿ, ಅಲ್ಲಿಯ ದಾಖಲೆ ಕೋಣೆಯವರು ತಿದ್ದಿ, ಸೊನ್ನೆ ಹೋಗುವ ಹೊತ್ತಿಗೆ ನಾಲ್ಕು ದಿನ. ಅಷ್ಟು ದಿನವೂ ಮಕ್ಕಳ ಡಾಕ್ಟರು ನನ್ನನ್ನು ಕಂಡಾಗಲೆಲ್ಲ, "ಏನ್ರೀ, ನಿಮ್ಮ ಮೂವತ್ತು ವರ್ಷದ ಕೂಸು ಹಾಲು ಬಿಟ್ಟಿತಾ?" ಎಂದು ಕೇಳುತ್ತಿದ್ದರು. ನಾನು ಹಲ್ಲು ಕಿರಿಯುತ್ತಿದ್ದೆ.

ಅವರದೊಂದು ಅಭ್ಯಾಸವಿತ್ತು. ಎದುರಿಗೆ ಯಾರಾದರೂ ಪಾಸ್‌ವರ್ಡ್ ಒತ್ತುವಾಗ ಅವರು ಕುರ್ಚಿಯನ್ನೇ ತಿರುಗಿಸಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂರುತ್ತಿದ್ದರು. ಆಡಳಿತಾಧಿಕಾರಿಯಿರಲಿ, ನೆಲ ಒರೆಸುವವರ ಹಾಜರಿ ಬರೆಯುವ ಮೇಸ್ತ್ರಿಯಿರಲಿ, ಎಲ್ಲರಿಗೂ ಅದೇ ಮರ್ಯಾದೆ. "ಆಯ್ತಾ?" ಎಂದು ಕೇಳಿ, "ಆಯ್ತು" ಎಂದ ಮೇಲಷ್ಟೇ ಈ ಕಡೆ ತಿರುಗುವುದು. ನಮ್ಮ ಶಾಖೆಯಲ್ಲಿ ಅಷ್ಟು ಗುಟ್ಟೇನೂ ಇರಲಿಲ್ಲ ಬಿಡಿ. ಮುಕ್ಕಾಲು ಜನರ ಪಾಸ್‌ವರ್ಡು ಅವರವರ ಮನೆದೇವರ ಹೆಸರು. ಆಯುಧಪೂಜೆಯ ದಿನ ಕಂಪ್ಯೂಟರುಗಳಿಗೆ ಕುಂಕುಮ ಹಚ್ಚಿ, ಪಕ್ಕದಲ್ಲಿ ಅಂಟಿಸಿದ್ದ ಪಾಸ್‌ವರ್ಡ್ ಚೀಟಿಗೂ ಒಂದೊಂದು ಹೂವು ಸಿಕ್ಕಿಸಿದ್ದೆವು. ಅವತ್ತೇ ಅವರು ಬರಬೇಕೆ! ಮಂಗಳಾರತಿ ತಗೊಂಡು, ಕೊಟ್ಟ ಮಂಡಕ್ಕಿ ತಿಂದು, ಒಂದೊಂದೇ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡು, "ಈ ಊರಲ್ಲಿ ಕಳ್ಳನಿಗೆ ಬುದ್ಧಿ ಬೇಡ, ಪಂಚಾಂಗ ಇದ್ರೆ ಸಾಕು" ಎಂದು ಹೇಳಿ ಬಸ್ಸು ಹತ್ತಿದರು. ಮರುದಿನ ಹನ್ನೊಂದು ಜನ ಹೊಸ ಪಾಸ್‌ವರ್ಡಿಗಾಗಿ ಅರ್ಜಿ ಬರೆಯುತ್ತ ಕುಳಿತಿದ್ದೆವು.

ನಮ್ಮ ಹಿರಿಯ ನರ್ಸಮ್ಮ ನಿವೃತ್ತರಾದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೂವತ್ತು ವರ್ಷ ದುಡಿದ ಹೆಂಗಸು. ಹಾರ ಹಾಕಿ, ಶಾಲು ಹೊದೆಸಿ, ಭಾಷಣ ಮಾಡಿ ಕಳಿಸಿದೆವು. ಆಕೆ ಕೊನೆಯದಾಗಿ ತನ್ನ ವಾರ್ಡಿನ ಪಟ್ಟಿಯೊಂದನ್ನು ನೋಡೋಣವೆಂದು ಕಂಪ್ಯೂಟರಿನ ಮುಂದೆ ಕೂತರೆ ಅದು ತೆರೆಯಲೇ ಇಲ್ಲ. ಇವರು ಶಿವಮೊಗ್ಗದಲ್ಲಿ ಕೂತು ಸರಿಯಾಗಿ ಐದೂವರೆಗೆ ಆಕೆಯ ಹಕ್ಕು ಕಿತ್ತು ಹಾಕಿದ್ದರು. ಹಾರ ಹಾಕಿಕೊಂಡೇ ಅತ್ತುಬಿಟ್ಟರು ಪಾಪ. ನಾನು ರೇಗಿ ಫೋನ್ ಮಾಡಿ, "ನಿಮಗೆ ಮನುಷ್ಯತ್ವ ಇದೆಯೇನ್ರೀ?" ಎಂದೆ. ಫೋನನ್ನು ಆಕೆಗೆ ಕೊಡಲು ಹೇಳಿದರು. ಏನು ಹೇಳಿದರೆಂದು ಆಮೇಲೆ ಆಕೆಯೇ ತಿಳಿಸಿದರು: "ಸಿಸ್ಟರ್, ಇನ್ನು ಮೇಲೆ ನಿಮ್ಮ ಹೆಸರಲ್ಲಿ ಯಾರೂ ಏನೂ ಮಾಡೋಕಾಗಲ್ಲ. ನೆಮ್ಮದಿಯಾಗಿ ಮನೆಗೆ ಹೋಗಿ." ಅದನ್ನು ಮರುದಿನ ಬೆಳಿಗ್ಗೆ ಮಾಡಿದ್ದರೆ ಇವರ ಗಂಟೇನು ಹೋಗುತ್ತಿತ್ತು ಅನ್ನುವುದು ನನ್ನ ಪ್ರಶ್ನೆ. ಇವತ್ತಿಗೂ ಅದೇ ಪ್ರಶ್ನೆ.

ಹಾಗಂತ ತಮಗೆ ಬೇರೆ ನಿಯಮ ಮಾಡಿಕೊಂಡವರೂ ಅಲ್ಲ. ಒಮ್ಮೆ ಕೆಲಸದ ಮೇಲೆ ಶಿವಮೊಗ್ಗಕ್ಕೆ ಹೋಗಿದ್ದಾಗ ಹೊರರೋಗಿ ವಿಭಾಗದ ಸಾಲಿನಲ್ಲಿ ಇವರು ನಿಂತಿದ್ದರು. ನವುಲೆಯ ಬಾಡಿಗೆ ಮನೆಯಿಂದ ತಾಯಿಯನ್ನು ಆಟೋದಲ್ಲಿ ಕರೆತಂದು ರಕ್ತ ಪರೀಕ್ಷೆ ಮಾಡಿಸಿದ್ದರಂತೆ, ವರದಿಗೆ ಕಾಯುತ್ತಿದ್ದರು. ತಾಯಿ ಬೆಂಚಿನ ಮೇಲೆ ಗೋಡೆಗೊರಗಿ ಕೂತಿದ್ದರು. ಇಡೀ ಆಸ್ಪತ್ರೆಯ ಬೀಗದ ಕೈ ಇಟ್ಟುಕೊಂಡ ಮನುಷ್ಯ, ಮೇಲೆ ಹೋಗಿ ಎರಡು ಗುಂಡಿ ಒತ್ತಿದರೆ ವರದಿ ಕಣ್ಣೆದುರು. "ಯಾಕೆ ಸಾರ್ ಇಲ್ಲಿ?" ಎಂದೆ. "ರೋಗಿಗಳ ದಾಖಲೆ ನೋಡೋ ಹಕ್ಕು ನನಗಿಲ್ಲ" ಎಂದರು. "ಕೊಡೋರೇ ನೀವಲ್ವಾ ಮಾರಾಯ್ರೆ!" "ಅದಕ್ಕೇ ತಗೊಂಡಿಲ್ಲ." ನನಗೆ ಹೆಮ್ಮೆಯೇನೂ ಆಗಲಿಲ್ಲ. ಆ ಮುದುಕಿಯನ್ನು ನೋಡಿ ಇವರ ಕೆನ್ನೆಗೊಂದು ಬಾರಿಸಬೇಕು ಅನ್ನಿಸಿತು.

ಇನ್ನು ನನ್ನ ಅರ್ಜಿಯ ವಿಷಯಕ್ಕೆ ಬರುತ್ತೇನೆ. ಆ ಸೊನ್ನೆಯ ಗಲಾಟೆಯಾದ ಮೇಲೆ ನಮ್ಮ ಶಾಖೆಯಲ್ಲಿ ತಿದ್ದುವ ಹಕ್ಕು ಸಿಕ್ಕಿದ್ದು ಒಬ್ಬರಿಗೇ, ಲ್ಯಾಬಿನ ವಸಂತಾಗೆ. ಕೆಲಸ ಹೆಚ್ಚಾದಂತೆ ಅದು ನನಗೂ ಬೇಕಾಯಿತು. ಡಾಕ್ಟರ ಸಹಿ ಹಾಕಿಸಿ ಅರ್ಜಿ ಕಳಿಸಿದೆ. ವಾಪಸ್ ಬಂತು. ಕಾರಣ: ಅರ್ಜಿಯಲ್ಲಿ "ಹೆಚ್. ರಾಮಚಂದ್ರ" ಎಂದಿದೆ, ಸೇವಾ ಪುಸ್ತಕದಲ್ಲಿ "ರಾಮಚಂದ್ರ ಹೆಚ್." ಎಂದಿದೆ. ಹೆಚ್ ಅಂದರೆ ಹೊಳೆಹೊನ್ನೂರು, ನಮ್ಮೂರು. ಅದು ಹೆಸರಿನ ಹಿಂದೆ ಕೂತರೇನು, ಮುಂದೆ ಕೂತರೇನು? ತಿದ್ದಿ ಕಳಿಸಿದೆ. ಈ ಸಲ ಡಾಕ್ಟರು ತಮ್ಮ ಷರಾದಲ್ಲಿ ಹಳೆಯ ಹಾಗೇ ಬರೆದಿದ್ದರು, ಮತ್ತೆ ವಾಪಸ್. ಮೂರನೆಯ ಸಲ ಎಲ್ಲ ಸರಿಯಾಗಿತ್ತು. ಆದರೆ ಉತ್ತರವೇ ಇಲ್ಲ. ಫೋನ್ ಮಾಡಿದರೆ, "ಮೂರು ತಿಂಗಳಿಗೊಮ್ಮೆ ಎಲ್ಲರ ಹಕ್ಕೂ ಒಟ್ಟಿಗೆ ಪರಿಶೀಲನೆ ಮಾಡ್ತೀನಿ, ಆಗ ನೋಡೋಣ" ಎಂದರು. ಆ ನಿಯಮ ಯಾರು ಮಾಡಿದ್ದು? ಅವರೇ.

ದಿನಕ್ಕೆ ಹತ್ತು ಸಲ ಮಹಡಿ ಹತ್ತಿ ಲ್ಯಾಬಿಗೆ ಹೋಗಿ "ವಸಂತಾ, ಇದೊಂದು ತಿದ್ದಿಕೊಡಮ್ಮ" ಎಂದು ನಿಲ್ಲುತ್ತಿದ್ದೆ. ಅವಳೂ ಎಷ್ಟಂತ ಇಳಿದು ಬಂದಾಳು? ಅವಳ ಗಂಡ ಕಾರ್ಖಾನೆಯಿಂದ ಸ್ವಯಂನಿವೃತ್ತಿ ತಗೊಂಡು ಮನೆಯಲ್ಲಿ ಕೂತಿದ್ದರು, ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದರು, ಮನೆ ನಡೆಯುತ್ತಿದ್ದದ್ದು ಇವಳೊಬ್ಬಳ ಕೆಲಸದಿಂದ. ಒಂದು ದಿನ ಔಷಧಿ ಚೀಟಿಯ ಹಿಂದೆ ತನ್ನ ಪಾಸ್‌ವರ್ಡ್ ಬರೆದು ಕೈಗಿಟ್ಟಳು. "ಅಣ್ಣ, ಇಟ್ಕೊಳ್ಳಿ. ಮಡಿ ಸಾರಿಗೆ ಮಾತ್ರ ಗೊತ್ತಾಗೋದು ಬೇಡ." ನಾನು ತಗೊಂಡೆ. ಬೇಡ ಅನ್ನಬೇಕಿತ್ತು ಎಂದು ಆ ಕ್ಷಣ ಒಂಚೂರೂ ಅನ್ನಿಸಲಿಲ್ಲ. ಸತ್ಯ ಹೇಳಬೇಕೆಂದರೆ, ಅವರ ಕಣ್ಣಿಗೆ ಮಣ್ಣೆರಚಿದ ಖುಷಿಯಿತ್ತು.

ಒಂದು ಮಂಗಳವಾರ ಮಧ್ಯಾಹ್ನ, ವಸಂತಾ ಊಟಕ್ಕೆ ಹೋಗಿದ್ದ ಹೊತ್ತು. ಲ್ಯಾಬಿನಿಂದ ಬಂದ ಚೀಟಿಯೊಂದು ನನ್ನ ಮೇಜಿನ ಮೇಲಿತ್ತು: ಎಸ್. ಮಂಜುಳಾ, ರಕ್ತದ ಗುಂಪು ಓ ಪಾಸಿಟಿವ್ ಎಂದು ತಿದ್ದುವುದು. ಭದ್ರಾವತಿಯ ಸಂಗತಿ ಗೊತ್ತಲ್ಲ, ತಮಿಳರ ಮನೆಗಳಲ್ಲಿ ಅಪ್ಪನ ಹೆಸರಿನ ಅಕ್ಷರ ಹೆಸರಿನ ಮುಂದೆ ಬರುತ್ತದೆ, ನಮ್ಮ ಕೆಲವರು ಊರಿನದನ್ನೋ ಗಂಡನದನ್ನೋ ಹಿಂದೆ ಹಾಕಿಕೊಳ್ಳುತ್ತಾರೆ. ಎಸ್. ಮಂಜುಳಾ ಕಾಗದನಗರದ ಕ್ವಾರ್ಟರ್ಸಿನ ಹುಡುಗಿ, ಜ್ವರಕ್ಕೆ ಬಂದವಳು. ಮಂಜುಳಾ ಎಸ್. ಎಂಬ ಇನ್ನೊಬ್ಬಳು ಎಂಟು ತಿಂಗಳ ಬಸುರಿ, ಓ ನೆಗೆಟಿವ್. ನಾನು ವಸಂತಾಳ ಪಾಸ್‌ವರ್ಡ್ ಒತ್ತಿ, ಬಸುರಿಯ ದಾಖಲೆ ತೆರೆದು, ನೆಗೆಟಿವ್ ಇದ್ದದ್ದನ್ನು ಪಾಸಿಟಿವ್ ಮಾಡಿ, ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದೆ.

ದೇವರು ದೊಡ್ಡವನು. ಎರಡು ದಿನದ ಮೇಲೆ ತಪಾಸಣೆಗೆ ಬಂದಾಗ ಆ ಬಸುರಿಯೇ, "ನನ್ನದು ನೆಗೆಟಿವ್ ಅಂತ ಹೇಳಿದ್ರಲ್ಲ ಸಿಸ್ಟರ್" ಎಂದಳು. ನರ್ಸು ಹಳೆಯ ಕಾರ್ಡು ನೋಡಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಹೆರಿಗೆಯ ಹೊತ್ತಿಗೆ ಇದು ಹೀಗೇ ಉಳಿದಿದ್ದರೆ ನೆಗೆಟಿವ್ ಗುಂಪಿನ ತಾಯಿಗೆ ಕೊಡಬೇಕಾದ ಇಂಜೆಕ್ಷನ್ ಕೊಡುತ್ತಿರಲಿಲ್ಲ, ಮುಂದಿನ ಕೂಸಿಗೆ ಅಪಾಯವಾಗುತ್ತಿತ್ತು ಎಂದು ಡಾಕ್ಟರು ಕಿರುಚಾಡಿದರು. ಆಡಳಿತಾಧಿಕಾರಿ ಶಿವಮೊಗ್ಗದಿಂದ ವಿಚಾರಿಸಿದರು: ತಿದ್ದಿದವರು ಯಾರು? ಕಂಪ್ಯೂಟರ್ ಹೇಳಿತು: ವಸಂತಾ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಕೂಡದೆಂದು ಅವಳಿಗೆ ಪತ್ರ ಬಂತು.

ಅವಳು ಒಂದೇ ಮಾತು ಹೇಳಿದಳು, "ನಾನು ಮಾಡಿಲ್ಲ." ಪಾಸ್‌ವರ್ಡ್ ಕೊಟ್ಟಿದ್ದೆ ಅನ್ನಲಿಲ್ಲ. ಚೀಲ ತಗೊಂಡು ಹೊರಡುವಾಗ ಮೆಟ್ಟಿಲ ಮೇಲೆ ನಾನು ಎದುರಾದೆ. "ಅಣ್ಣ, ನಿಮ್ಮ ಹೆಸರು ನಾನಾಗಿ ಹೇಳಲ್ಲ. ನೀವೇ ಹೇಳಿ" ಎಂದಳು. ನಾನು ತಲೆಯಾಡಿಸಿದೆ. ಎರಡು ದಿನ ಹೇಳಲಿಲ್ಲ. ನನಗೂ ಸಂಸಾರವಿತ್ತು, ಹೆದರಿಕೆಯಿತ್ತು. ಈ ಎರಡು ದಿನಗಳನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮೂರನೆಯ ದಿನ ಹತ್ತೂವರೆಯ ಹೊತ್ತಿಗೆ ಅವರು ಬಂದರು. ಬಸ್ಸಿಳಿದು ನೇರ ನನ್ನ ಕೋಣೆಗೇ ಬಂದು, ಬಾಗಿಲು ಮುಂದೆ ಮಾಡಿ, ಸ್ಟೂಲ್ ಎಳೆದುಕೊಂಡು ಕೂತರು.

"ಈ ಕಂಪ್ಯೂಟರ್ ನಂಬರ್ ಎಷ್ಟು?"

"ನಾಲ್ಕು."

"ಮಂಗಳವಾರ ಒಂದೂ ಇಪ್ಪತ್ತಕ್ಕೆ ನಾಲ್ಕನೇ ನಂಬರಲ್ಲಿ ವಸಂತಾ ಹೆಸರಲ್ಲಿ ಕೆಲಸ ನಡೆದಿದೆ. ಇಲ್ಲಿ ಯಾರಿದ್ರು?"

ಇಷ್ಟು ಕೇಳಿ ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕ್ಯಾಲೆಂಡರ್ ನೋಡುತ್ತ ಕೂತರು. ಬೈದಿದ್ದರೆ ನಾನೂ ಬೈದು ಹೇಗಾದರೂ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಆ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ನಾನೇ ಇದ್ದೆ. ನಾನೇ ತಿದ್ದಿದ್ದು. ಎಸ್ ಹಿಂದಿದೆಯೋ ಮುಂದಿದೆಯೋ ನೋಡಲಿಲ್ಲ. ಆದ್ರೆ ನನ್ನ ಅರ್ಜಿ ಏನ್ ಮಾಡಿದ್ರಿ ನೀವು? ನಲವತ್ತು ದಿನ! ಹಕ್ಕು ಕೊಟ್ಟಿದ್ರೆ ನಾನ್ಯಾಕೆ ಆ ಹೆಣ್ಣುಮಗಳ ಪಾಸ್‌ವರ್ಡ್ ಮುಟ್ತಿದ್ದೆ? ನಿಮ್ಮ ಮಡಿಯಿಂದ ಅವಳು ಮನೇಲಿ ಕೂತಿದಾಳೆ!"

ಅವರು ಈ ಕಡೆ ತಿರುಗಿದರು. ಮುಖ ಬಿಳಿಚಿತ್ತು.

"ಬರೆದು ಕೊಡಿ" ಎಂದರು.

"ಏನ್ ಬರೀಲಿ?"

"ಎರಡೂ. ಮೊದಲನೇ ಪುಟದಲ್ಲಿ ನೀವು ಮಾಡಿದ್ದು. ಎರಡನೇ ಪುಟದಲ್ಲಿ ನಾನು ಮಾಡದೇ ಇದ್ದದ್ದು."

ಬರೆದೆ. ಮೊದಲನೇ ಪುಟಕ್ಕೆ ಏಳೆಂಟು ಸಾಲು ಸಾಕಾಯಿತು. ಎರಡನೆಯದಕ್ಕೆ ಎರಡು ವರ್ಷದ ಸಿಟ್ಟೆಲ್ಲ ಇಳಿಯಿತು. ವಾಪಸ್ ಬಂದ ಅರ್ಜಿಗಳು, ನಲವತ್ತು ದಿನ, ಸೊನ್ನೆ, ನರ್ಸಮ್ಮನ ಹಾರ, ಒಂದೂ ಬಿಡಲಿಲ್ಲ. ಇಂಥವರಿಂದ ಆಸ್ಪತ್ರೆ ನಡೆಯುವುದಿಲ್ಲ ಎಂದೂ ಬರೆದೆ. ನಾನು ಬರೆಯುವಷ್ಟು ಹೊತ್ತೂ ಅವರು ಗೋಡೆ ನೋಡುತ್ತಿದ್ದರು. ಆಮೇಲೆ ಎರಡೂ ಹಾಳೆ ಮಡಚಿ ಚೀಲದಲ್ಲಿಟ್ಟುಕೊಂಡು, ಒಂದು ಕಪ್ ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಸೋಮವಾರ ವಸಂತಾ ಕೆಲಸಕ್ಕೆ ಬಂದಳು. ಅವಳಿಗೂ ನನಗೂ ಒಂದೊಂದು ಎಚ್ಚರಿಕೆ ಪತ್ರ, ಅಷ್ಟಕ್ಕೇ ಮುಗಿಯಿತು. ಅವರಿಗೆ ಮಾತ್ರ ಮುಗಿಯಲಿಲ್ಲ. ಕೇಳಿದವರಿಗೆಲ್ಲ ಹಕ್ಕು ಕೊಡದ ಈ ಮನುಷ್ಯನನ್ನು ಕಂಡರೆ ಆಡಳಿತಾಧಿಕಾರಿಗೂ ಆಗುತ್ತಿರಲಿಲ್ಲ, ಕಾರಣ ಕಾದು ಕೂತಿದ್ದರು. ನನ್ನ ಎರಡನೇ ಪುಟ ಕೈಗೆ ಸಿಕ್ಕಿತು. ಹದಿನೈದು ದಿನದೊಳಗೆ ಅವರನ್ನು ಹೊರರೋಗಿಗಳ ಕೌಂಟರಿಗೆ ಹಾಕಿದರು, ಟೋಕನ್ ಕೊಡುವ ಕೆಲಸ. ಅವರ ಜಾಗಕ್ಕೆ ಬಂದವರು ಬಲು ಸರಳ ಮನುಷ್ಯ. ಮೊದಲ ವಾರದಲ್ಲೇ, "ಎಲ್ಲರಿಗೂ ಅನುಕೂಲ ಆಗ್ಲಿ" ಎಂದು ಇಡೀ ಭದ್ರಾವತಿ ಶಾಖೆಗೆ ಒಂದೇ ಪಾಸ್‌ವರ್ಡ್ ಮಾಡಿಕೊಟ್ಟರು. ನೋಡುವುದು, ಬರೆಯುವುದು, ತಿದ್ದುವುದು, ಎಲ್ಲ ಎಲ್ಲರಿಗೂ. ನನಗೆ ಬೇಕಾಗಿದ್ದದ್ದು ಕೊನೆಗೂ ಸಿಕ್ಕಿತ್ತು. ಅವತ್ತಿನಿಂದ ಯಾವ ದಾಖಲೆ ತೆರೆದರೂ ಇದನ್ನು ಯಾರು ಮುಟ್ಟಿದ್ದಾರೋ ಎಂಬ ಹೆದರಿಕೆ. ಹಳೆಯ ರಿಜಿಸ್ಟರಿನಲ್ಲಾದರೆ ಗೀಟೆಳೆದ ಕೈಬರಹ ನೋಡಿ ಇಂಥವರೇ ಎಂದು ಹೇಳಬಹುದಿತ್ತು. ಈಗ ಅದೂ ಇಲ್ಲ.

ಅವರು ವರ್ಷದೊಳಗೆ ಕೆಲಸ ಬಿಟ್ಟರು. ಒಮ್ಮೆ ಮಾತ್ರ ಗಾಂಧಿ ಬಜಾರಿನಲ್ಲಿ ಸಿಕ್ಕಿದ್ದರು, ತಾಯಿಗೆ ಸ್ವೆಟರ್ ಕೊಳ್ಳುತ್ತಿದ್ದರು. ನಾನು ತಡವರಿಸಿಕೊಂಡು, "ಸಾರ್, ಅವತ್ತು ಸಿಟ್ಟಲ್ಲಿ ಏನೇನೋ ಬರೆದುಬಿಟ್ಟೆ" ಎಂದೆ. "ನಾನೇ ಕೇಳಿದ್ದಲ್ವಾ" ಎಂದರು. ಆಮೇಲೆ, "ವಸಂತಾ ಹೇಗಿದಾರೆ?" ಎಂದು ಕೇಳಿದರು. ಚೆನ್ನಾಗಿದ್ದಾಳೆ, ದೊಡ್ಡ ಮಗಳು ಕಾಲೇಜಿಗೆ ಸೇರಿದಳು ಎಂದೆ. ತಲೆಯಾಡಿಸಿ ಸ್ವೆಟರಿನ ತೋಳಿನ ಉದ್ದ ಅಳೆಯತೊಡಗಿದರು. ನನ್ನ ಗಂಟಲಲ್ಲಿ ಇನ್ನೊಂದು ಪ್ರಶ್ನೆಯಿತ್ತು. ಆ ಹಾಳೆಗಳನ್ನು ಒಯ್ದವರು ನೀವು, ದಾರಿಯಲ್ಲಿ ಎರಡನೆಯದನ್ನು ಹರಿದು ಬಸ್ಸಿನ ಕಿಟಕಿಯಿಂದ ಎಸೆಯೋಕೆ ಏನಾಗಿತ್ತು ನಿಮಗೆ? ವಸಂತಾ ಉಳಿಯೋಕೆ ಮೊದಲನೇ ಪುಟ ಒಂದೇ ಸಾಕಿತ್ತಲ್ಲ? ಕೇಳಲು ಬಾಯಿ ಬರಲಿಲ್ಲ, ಇನ್ನೊಮ್ಮೆ ಸಿಕ್ಕಾಗ ಕೇಳೋಣ ಎಂದುಕೊಂಡೆ.

ನನ್ನ ನಿವೃತ್ತಿಗೆ ಮುಂಚೆ ಹಳೆಯ ಕಡತಗಳನ್ನು ವಿಲೇವಾರಿ ಮಾಡುವ ಕೆಲಸ ನನಗೇ ಬಂತು. ಶಿವಮೊಗ್ಗದಿಂದ ಬಂದ ಮೂಟೆಯಲ್ಲಿ ಆ ಕಡತವಿತ್ತು. ಮೊದಲನೇ ಪುಟದ ಮೇಲೆ ಸ್ವೀಕೃತಿಯ ಮೊಹರು ಬಿಟ್ಟರೆ ಬೇರೇನೂ ಇರಲಿಲ್ಲ. ಎರಡನೇ ಪುಟದಲ್ಲಿ ನಾನು ನಲವತ್ತು ದಿನ ಎಂದು ಬರೆದಿದ್ದ ಕಡೆ, ನಲವತ್ತರ ಮೇಲೆ ಒಂದು ಗೀಟೆಳೆದು ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ "ನಲವತ್ತೊಂದು" ಎಂದು ಬರೆದಿತ್ತು. ಪಕ್ಕದಲ್ಲಿ ಅವರ ಸಹಿ. ಪುಟದ ಕೆಳಗೆ ಒಂದು ಸಾಲು: "ಓದಿದ್ದೇನೆ. ದಿನಗಳ ಲೆಕ್ಕ ಬಿಟ್ಟರೆ ಉಳಿದದ್ದೆಲ್ಲ ಸರಿಯಿದೆ."